ವಿಚ್ಛೇದನಕ್ಕೆ ಎಷ್ಟು ಕಾಯಬೇಕು? ಒಂದು ವರ್ಷ, ಆರು ತಿಂಗಳು, ತೊಂಬತ್ತು ದಿನಗಳ ಲೆಕ್ಕ

“ಇಬ್ಬರೂ ಒಪ್ಪಿದ್ದೇವೆ, ಮತ್ತೆ ಆರು ತಿಂಗಳು ಯಾಕೆ?” “ಆರು ತಿಂಗಳ ನಿಯಮ ಈಗ ತೆಗೆದಿದ್ದಾರಂತೆ, ನಿಜವೇ?” “ಕೋರ್ಟಿನಲ್ಲಿ ಮುಗಿಯಿತು, ಮುಂದಿನ ತಿಂಗಳು ಮದುವೆ ಇಟ್ಟುಕೊಳ್ಳಬಹುದೇ?” ಓದುಗರಿಂದ ಬರುವ ಪ್ರಶ್ನೆಗಳು ಸುತ್ತಿ ಬಳಸಿ ಇವೇ. ಉತ್ತರ ಗೋಜಲಾಗುವುದಕ್ಕೆ ಕಾರಣವೂ ಒಂದೇ. ಕಾನೂನಿನಲ್ಲಿರುವುದು ಒಂದು ಗಡುವಲ್ಲ, ಹಲವು. ಒಂದೊಂದೂ ಒಂದೊಂದು ದಿನದಿಂದ ಎಣಿಕೆಗೆ ಬರುತ್ತದೆ. ಒಂದಕ್ಕೆ ವಿನಾಯಿತಿ ಇದೆ ಎಂದು ಕೇಳಿ ಎಲ್ಲದಕ್ಕೂ ಇದೆ ಎಂದುಕೊಂಡವರೇ ಹೆಚ್ಚಾಗಿ ಎಡವುವುದು.

ಮೊದಲು ಒಂದು ಹಾಳೆ ತೆಗೆದುಕೊಂಡು ನಾಲ್ಕು ದಿನಾಂಕಕ್ಕೆ ಜಾಗ ಬಿಡಿ: ಮದುವೆಯಾದ ದಿನ, ಬೇರೆಯಾದ ದಿನ, ಅರ್ಜಿ ಹಾಕಿದ ದಿನ, ಡಿಕ್ರಿ ಬಂದ ದಿನ. ಡಿಕ್ರಿ ಎಂದರೆ ನ್ಯಾಯಾಲಯದ ಅಂತಿಮ ಆದೇಶ. ಮುಂದೆ ಹೇಳುವುದೆಲ್ಲ ಈ ನಾಲ್ಕರ ಮೇಲೆ ನಿಂತಿದೆ.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು 1955ರ ಹಿಂದೂ ವಿವಾಹ ಕಾಯ್ದೆಯ ಬಗ್ಗೆ. ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರೂ ಇದೇ ಕಾಯ್ದೆಗೆ ಬರುತ್ತಾರೆ. ರಿಜಿಸ್ಟ್ರಾರ್ ಮುಂದೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೂ ಗಡುವುಗಳು ಹೆಚ್ಚುಕಡಿಮೆ ಇವೇ. ಕ್ರೈಸ್ತ ಮತ್ತು ಮುಸ್ಲಿಂ ಮದುವೆಗಳ ವಿಷಯ ಕೊನೆಯಲ್ಲಿದೆ.

ಶುರು ಮಾಡುವ ಮುನ್ನ ಒಂದು ಎಚ್ಚರಿಕೆ. ಊರಿನಲ್ಲಿ ಪಂಚಾಯಿತಿ ಸೇರಿಸಿ, ಹಿರಿಯರ ಸಹಿ ಹಾಕಿಸಿ, ಛಾಪಾ ಕಾಗದದ ಮೇಲೆ ‘ಬಿಡುಗಡೆ ಪತ್ರ’ ಬರೆಸಿಕೊಂಡವರು ಈಗಲೂ ಬಹಳ ಮಂದಿ ಇದ್ದಾರೆ. ನೋಟರಿ ಮೊಹರು ಬಿದ್ದ ಕೂಡಲೇ ಅದು ವಿಚ್ಛೇದನ ಆಗುವುದಿಲ್ಲ. ಕೆಲವು ಸಮುದಾಯಗಳಲ್ಲಿ ಹಿಂದಿನಿಂದ ನಡೆದುಬಂದ ರೂಢಿಯ ವಿಚ್ಛೇದನವನ್ನು ಕಾಯ್ದೆ ಉಳಿಸಿಕೊಂಡಿರುವುದು ಹೌದು. ಆದರೆ ಅಂಥ ರೂಢಿ ನಮ್ಮಲ್ಲಿದೆ ಎಂದು ಸಾಬೀತು ಮಾಡುವ ಹೊಣೆ ಹಾಗೆ ಹೇಳುವವರ ಮೇಲೆಯೇ ಬೀಳುತ್ತದೆ. ಆ ಪತ್ರ ನಂಬಿ ಎರಡನೇ ಮದುವೆಯಾಗಿ, ಹತ್ತು ವರ್ಷದ ನಂತರ ಪಿಂಚಣಿಗೋ ಆಸ್ತಿಗೋ ಹೋರಾಡುವ ಸ್ಥಿತಿ ಬೇಡವೆಂದರೆ ನ್ಯಾಯಾಲಯದ ದಾರಿಯೇ ಸರಿ.

1. ಮದುವೆಯಾಗಿ ಒಂದು ವರ್ಷ ಕಳೆದಿದೆಯೇ?

ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಮದುವೆಯಾದ ದಿನದಿಂದ ಒಂದು ವರ್ಷದೊಳಗೆ ವಿಚ್ಛೇದನದ ಅರ್ಜಿ ಹಾಕುವಂತಿಲ್ಲ. ಅರ್ಜಿದಾರರಿಗೆ ಅಸಾಧಾರಣ ಕಷ್ಟವಾಗಿದ್ದರೆ, ಇಲ್ಲವೇ ಎದುರಿನವರ ನಡತೆ ಅಸಾಧಾರಣವಾಗಿ ಕೆಟ್ಟದ್ದಾಗಿದ್ದರೆ ನ್ಯಾಯಾಲಯ ಮೊದಲೇ ಅರ್ಜಿ ಹಾಕಲು ಅನುಮತಿ ಕೊಡಬಹುದು. ಅದನ್ನು ಬೇರೆಯಾಗಿ ಕೇಳಿಕೊಳ್ಳಬೇಕು. “ಹೊಂದಾಣಿಕೆ ಆಗುತ್ತಿಲ್ಲ” ಎಂಬಷ್ಟು ಕಾರಣ ಇದಕ್ಕೆ ಸಾಲದು. ಸುಳ್ಳು ಹೇಳಿ ಅನುಮತಿ ಪಡೆದದ್ದು ಗೊತ್ತಾದರೆ ಅರ್ಜಿಯೇ ವಜಾ ಆಗಬಹುದು.

ಮದುವೆಯೇ ಅಸಿಂಧು ಎಂದು ಘೋಷಿಸಿ ಎನ್ನುವುದು ಬೇರೆಯೇ ದಾರಿ. ಅದಕ್ಕೆ ಈ ಒಂದು ವರ್ಷದ ತಡೆಯಿಲ್ಲ. ಅಲ್ಲಿ ಗಡುವು ತಿರುವುಮುರುವು: ಮೋಸದಿಂದ ಮದುವೆ ಮಾಡಿದರು ಎನ್ನುವುದಾದರೆ ಮೋಸ ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಲೇಬೇಕು. ಒಂದು ವರ್ಷ ಕಾಯೋಣ ಎಂದು ಕೂತರೆ ಈ ಬಾಗಿಲು ಮುಚ್ಚಿಹೋಗುತ್ತದೆ. ಆರೋಗ್ಯ, ಹಿಂದಿನ ಮದುವೆ ಮುಂತಾದ ಮುಖ್ಯ ಸಂಗತಿ ಮುಚ್ಚಿಟ್ಟು ಮದುವೆ ಮಾಡಿದ್ದಾರೆಂಬ ಅನುಮಾನವಿದ್ದರೆ ತಡಮಾಡದೆ ವಕೀಲರನ್ನು ಕಾಣಿ.

2. ಬೇರೆಯಾಗಿದ್ದು ಒಂದು ವರ್ಷ

ಪರಸ್ಪರ ಒಪ್ಪಿಗೆಯ ವಿಚ್ಛೇದನ ಇರುವುದು 13ಬಿ ಸೆಕ್ಷನ್‌ನಲ್ಲಿ. ಕೋರ್ಟಿನ ಓಣಿಯಲ್ಲಿ ಎಲ್ಲರೂ ಇದನ್ನು ಮ್ಯೂಚುಯಲ್ ಎಂದೇ ಕರೆಯುವುದು. 1976ರ ತಿದ್ದುಪಡಿಯಲ್ಲಿ ಇದು ಕಾಯ್ದೆಗೆ ಸೇರಿತು. ಅರ್ಜಿ ಹಾಕುವ ಹೊತ್ತಿಗೆ ಗಂಡ ಹೆಂಡತಿ ಕನಿಷ್ಠ ಒಂದು ವರ್ಷದಿಂದ ಬೇರೆಯಾಗಿ ಬದುಕುತ್ತಿರಬೇಕು, ಮತ್ತೆ ಒಟ್ಟಿಗೆ ಬಾಳಲು ಆಗಿರಬಾರದು, ಮದುವೆ ಮುಗಿಸಲು ಇಬ್ಬರೂ ಒಪ್ಪಿರಬೇಕು.

‘ಬೇರೆ’ ಎಂದರೆ ಬೇರೆ ಮನೆಯೇ ಆಗಬೇಕೆಂದಿಲ್ಲ. ಗಂಡ ಹೆಂಡತಿಯಂತೆ ಬದುಕುತ್ತಿಲ್ಲ ಎಂಬುದೇ ಮುಖ್ಯ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಬಾಡಿಗೆ ಕಟ್ಟಲಾಗದೆ, ಮಕ್ಕಳ ಶಾಲೆಯ ಕಾರಣಕ್ಕೆ ಒಂದೇ ಸೂರಿನಡಿ ಇದ್ದು ಒಲೆ, ಹಾಸಿಗೆ, ಖರ್ಚು ಎಲ್ಲ ಬೇರೆ ಮಾಡಿಕೊಂಡವರೂ ಇದಕ್ಕೆ ಬರಬಹುದು. ಆದರೆ ನ್ಯಾಯಾಧೀಶರಿಗೆ ಅದು ಮನದಟ್ಟಾಗಬೇಕು. ಬೇರೆ ಮನೆಯಲ್ಲಿದ್ದರೆ ಬಾಡಿಗೆ ಕರಾರು, ವಿಳಾಸ ಬದಲಾದ ಆಧಾರ್, ಕೆಲಸದ ವರ್ಗಾವಣೆ ಪತ್ರ ಇವೆಲ್ಲ ಬೇರೆಯಾದ ದಿನಕ್ಕೆ ಸಾಕ್ಷಿಯಾಗುತ್ತವೆ.

ಇಲ್ಲಿ ಸಾಮಾನ್ಯವಾಗಿ ನಡೆಯುವ ಕೆಲಸವೆಂದರೆ ದಿನಾಂಕ ಹಿಂದೆ ತಳ್ಳುವುದು. ಬೇರೆಯಾಗಿ ಏಳು ತಿಂಗಳಾಗಿರುತ್ತದೆ, ಅರ್ಜಿಯಲ್ಲಿ ಹದಿಮೂರು ತಿಂಗಳೆಂದು ಬರೆಯುತ್ತಾರೆ. ಇಬ್ಬರೂ ಒಪ್ಪಿದ್ದೇವಲ್ಲ, ಯಾರು ಕೇಳುತ್ತಾರೆ ಎಂಬ ಧೈರ್ಯ. ಅರ್ಜಿಯ ಜೊತೆ ನೀವು ಸಹಿ ಮಾಡುವುದು ಪ್ರಮಾಣಪತ್ರಕ್ಕೆ, ಅಂದರೆ ಆಣೆ ಮಾಡಿ ಹೇಳಿದ ಮಾತಿಗೆ. ನಡುವೆ ಒಬ್ಬರು ಮನಸ್ಸು ಬದಲಿಸಿದರೆ ಅದೇ ಸುಳ್ಳು ನಿಮ್ಮ ವಿರುದ್ಧ ನಿಲ್ಲುತ್ತದೆ. ಬೇಡ.

3. ಜಂಟಿ ಅರ್ಜಿ: ಬರೆಯುವಾಗಲೇ ಎಲ್ಲ ಬರೆದುಬಿಡಿ

ಅರ್ಜಿ ಎಲ್ಲಿ ಹಾಕಬೇಕು? ಮದುವೆ ನಡೆದ ಊರು, ಇಬ್ಬರೂ ಕೊನೆಯದಾಗಿ ಒಟ್ಟಿಗಿದ್ದ ಊರು, ಎದುರು ಪಕ್ಷದವರು ಈಗ ಇರುವ ಊರು, ಇವುಗಳಲ್ಲಿ ಯಾವುದಾದರೂ ಆಗಬಹುದು. ಅರ್ಜಿದಾರರು ಹೆಂಡತಿಯಾದರೆ ಆಕೆ ಈಗ ವಾಸವಿರುವ ಊರೂ ನಡೆಯುತ್ತದೆ. ಬೆಂಗಳೂರಿನಲ್ಲಾದರೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕುಟುಂಬ ನ್ಯಾಯಾಲಯಗಳಿವೆ. ಕುಟುಂಬ ನ್ಯಾಯಾಲಯ ಇಲ್ಲದ ಕಡೆ ಆ ಅಧಿಕಾರವಿರುವ ಸಿವಿಲ್ ನ್ಯಾಯಾಲಯದಲ್ಲಿ ಹಾಕಬೇಕು.

ಬೇಕಾಗುವ ಕಾಗದಗಳು ಕೆಲವೇ. ಮದುವೆ ನೋಂದಣಿ ಪತ್ರ, ಅದಿಲ್ಲದಿದ್ದರೆ ಲಗ್ನಪತ್ರಿಕೆ ಮತ್ತು ಮದುವೆ ಫೋಟೊ. ಇಬ್ಬರ ಗುರುತು ಮತ್ತು ವಿಳಾಸದ ದಾಖಲೆ. ಮಕ್ಕಳಿದ್ದರೆ ಜನನ ಪ್ರಮಾಣಪತ್ರ. ಬಾಕಿ ಇರುವ ಎಲ್ಲ ಕೇಸುಗಳ ನಂಬರು. ವಕೀಲರಿಗೆ ಕೊಡಲು ಹಣವಿಲ್ಲದ ಹೆಣ್ಣುಮಕ್ಕಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ನಿಜವಾದ ಕೆಲಸ ಇರುವುದು ಒಪ್ಪಂದದಲ್ಲಿ. ಶಾಶ್ವತ ಜೀವನಾಂಶ ಎಷ್ಟು, ಯಾವಾಗ, ಹೇಗೆ. ಒಡವೆ, ಮದುವೆಯಲ್ಲಿ ಕೊಟ್ಟ ಸಾಮಾನು ಯಾರಿಗೆ. ಇಬ್ಬರ ಹೆಸರಿನಲ್ಲಿರುವ ಮನೆ ಸಾಲದ ಕಂತು ಇನ್ನು ಮುಂದೆ ಯಾರು ಕಟ್ಟುತ್ತಾರೆ. ಮಗು ಯಾರ ಬಳಿ, ಇನ್ನೊಬ್ಬರು ಯಾವ ದಿನ ನೋಡಬಹುದು, ಬೇಸಿಗೆ ರಜೆ ಹೇಗೆ ಹಂಚಿಕೆ, ಶಾಲೆ ಫೀಸು ಯಾರದು, ಪಾಸ್‌ಪೋರ್ಟಿಗೆ ಸಹಿ ಯಾರು ಹಾಕುತ್ತಾರೆ. “ಮಗುವನ್ನು ಆಗಾಗ ನೋಡಬಹುದು” ಎಂದು ಬರೆದರೆ ಮುಂದಿನ ಜಗಳಕ್ಕೆ ಸಹಿ ಹಾಕಿದಂತೆ. “ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ” ಎಂದು ಬರೆಸಿ.

ಹಣವನ್ನು ಕಂತು ಮಾಡಿ. ಉದಾಹರಣೆಗೆ ಒಟ್ಟು 15 ಲಕ್ಷ ರೂಪಾಯಿಗೆ ಒಪ್ಪಿದ್ದೀರಿ ಎನ್ನಿ. ಅರ್ಜಿ ದಿನ 5 ಲಕ್ಷ, ಡಿಕ್ರಿ ದಿನ 5 ಲಕ್ಷ, ಕ್ರಿಮಿನಲ್ ಕೇಸು ರದ್ದಾದ ದಿನ ಉಳಿದ 5 ಲಕ್ಷ ಎಂದು ಡಿ.ಡಿ. ಮೂಲಕ ಕೊಡುವ ಹಾಗೆ ಬರೆಸಿಕೊಳ್ಳುವುದು ರೂಢಿ. ಪೂರ್ತಿ ಹಣ ಮೊದಲೇ ಕೊಟ್ಟವರ ಕೈಯಲ್ಲಿ ಹಿಡಿತ ಉಳಿಯುವುದಿಲ್ಲ. ಪೂರ್ತಿ ಆಮೇಲೆ ಎಂದು ಒಪ್ಪಿದವರಿಗೆ ಡಿಕ್ರಿ ಬಂದ ಮೇಲೆ ವಸೂಲಿಗೆ ಓಡಾಡುವುದೇ ಕೆಲಸವಾಗುತ್ತದೆ. ನಗದು ಮಾತ್ರ ಬೇಡವೇ ಬೇಡ.

ವರದಕ್ಷಿಣೆ ಕಿರುಕುಳದ ಕೇಸು, ಹಳೆಯ 498ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್, ಬಾಕಿ ಇದ್ದರೆ ಅದು ವಿಚ್ಛೇದನದ ಜೊತೆ ತಾನಾಗಿ ಮುಗಿಯುವುದಿಲ್ಲ. ಹೈಕೋರ್ಟಿಗೆ ಬೇರೆ ಅರ್ಜಿ ಹಾಕಿ ರದ್ದು ಮಾಡಿಸಬೇಕು. ಅದಕ್ಕೆ ಸಹಕರಿಸುತ್ತೇನೆ ಎಂಬ ಮಾತು ಒಪ್ಪಂದದಲ್ಲೇ ಇರಲಿ.

ಅರ್ಜಿ ಸಲ್ಲಿಸಿದ ದಿನವನ್ನು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಆರು ತಿಂಗಳ ಎಣಿಕೆ ಶುರುವಾಗುವುದು ಇಲ್ಲಿಂದ. ಒಪ್ಪಂದಕ್ಕೆ ಸಹಿ ಹಾಕಿದ ದಿನದಿಂದಲೂ ಅಲ್ಲ, ವಕೀಲರ ನೋಟಿಸು ಕೊಟ್ಟ ದಿನದಿಂದಲೂ ಅಲ್ಲ.

4. ಆರು ತಿಂಗಳು

ಕಾಯ್ದೆಯ ಮಾತು ಹೀಗಿದೆ: ಅರ್ಜಿ ಸಲ್ಲಿಸಿ ಆರು ತಿಂಗಳು ಕಳೆದ ಮೇಲೆ, ಹದಿನೆಂಟು ತಿಂಗಳು ದಾಟುವ ಮೊದಲು, ಇಬ್ಬರೂ ಮತ್ತೆ ಬಂದು ಕೇಳಿಕೊಂಡರೆ ನ್ಯಾಯಾಲಯ ವಿಚಾರಿಸಿ ಡಿಕ್ರಿ ಕೊಡುತ್ತದೆ. ಮೊದಲ ಸಲ ಬರುವುದಕ್ಕೆ ಫಸ್ಟ್ ಮೋಷನ್, ಎರಡನೇ ಸಲಕ್ಕೆ ಸೆಕೆಂಡ್ ಮೋಷನ್ ಎಂದು ವಕೀಲರು ಹೇಳುತ್ತಾರೆ. ನಡುವಿನ ಕಾಲವೇ ‘ಕೂಲಿಂಗ್ ಆಫ್’, ಅಂದರೆ ಕಾವು ಆರಲು, ಮನಸ್ಸು ತಿಳಿಯಾಗಲು ಬಿಟ್ಟ ಸಮಯ.

ಈ ಆರು ತಿಂಗಳು ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಸೆಪ್ಟೆಂಬರ್ 12ರಂದು ಅಮರ್‌ದೀಪ್ ಸಿಂಗ್ ವಿರುದ್ಧ ಹರ್ವೀನ್ ಕೌರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. “ನಿಯಮ ತೆಗೆದಿದ್ದಾರಂತೆ” ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ತೆಗೆದಿಲ್ಲ. ಸಂದರ್ಭ ನೋಡಿ ಮನ್ನಾ ಮಾಡಬಹುದು ಎಂದಿದೆ, ಅಷ್ಟೇ. ನ್ಯಾಯಾಲಯ ನೋಡುವ ಅಂಶಗಳನ್ನೂ ತೀರ್ಪು ಹೇಳಿದೆ. ಒಂದು ವರ್ಷದ ಜೊತೆ ಇನ್ನೂ ಆರು ತಿಂಗಳು, ಅಂದರೆ ಒಟ್ಟು ಒಂದೂವರೆ ವರ್ಷ, ಮೊದಲ ಅರ್ಜಿಗೂ ಮುಂಚೆಯೇ ಬೇರೆಯಾಗಿದ್ದಿರಬೇಕು. ರಾಜಿ ಮಧ್ಯಸ್ಥಿಕೆಯ ಪ್ರಯತ್ನವೆಲ್ಲ ವಿಫಲವಾಗಿರಬೇಕು. ಜೀವನಾಂಶ, ಮಕ್ಕಳು, ಬಾಕಿ ವ್ಯಾಜ್ಯ ಎಲ್ಲವೂ ಪ್ರಾಮಾಣಿಕವಾಗಿ ಇತ್ಯರ್ಥವಾಗಿರಬೇಕು. ಕಾಯಿಸಿದರೆ ಸಂಕಟ ಹೆಚ್ಚುವುದೇ ಹೊರತು ಬೇರೇನೂ ಆಗದು ಎಂದು ಕಾಣಬೇಕು. ಈ ಅಂಶಗಳು ಕಲ್ಲಿನಲ್ಲಿ ಕೊರೆದದ್ದಲ್ಲ, ಪ್ರಕರಣಕ್ಕೆ ತಕ್ಕಂತೆ ನೋಡಬೇಕು ಎಂದು 2021ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ ಇನ್ನಷ್ಟು ಸಡಿಲಿಸಿತು.

ಮನ್ನಾ ಕೇಳುವುದು ಹೇಗೆ? ಮೊದಲ ಅರ್ಜಿಯಾಗಿ ಒಂದು ವಾರದ ನಂತರ, ಕಾರಣಗಳನ್ನು ವಿವರಿಸಿ ಒಂದು ಮಧ್ಯಂತರ ಅರ್ಜಿ ಹಾಕಬೇಕು. ಕೋರ್ಟಿನಲ್ಲಿ ಇದನ್ನು ‘ಐಎ’ ಎನ್ನುತ್ತಾರೆ. ಬೇರೆ ಊರಿನ ಕೆಲಸ, ವಿದೇಶ ಪ್ರಯಾಣ, ವಯಸ್ಸು, ಎಷ್ಟು ವರ್ಷದಿಂದ ಬೇರೆ ಇದ್ದೀರಿ ಎಂಬುದನ್ನೆಲ್ಲ ದಾಖಲೆ ಸಹಿತ ತೋರಿಸಿ. “ಬೇಗ ಮುಗಿಯಲಿ” ಎಂಬುದು ಕಾರಣವಲ್ಲ.

ಈಗ ಹಾಳೆಯ ಲೆಕ್ಕ ನೋಡೋಣ. 2024ರ ಮಾರ್ಚ್ 1ರಂದು ಬೇರೆಯಾದ ದಂಪತಿ 2025ರ ಮೇ 5ರಂದು ಜಂಟಿ ಅರ್ಜಿ ಹಾಕಿದರು ಎನ್ನಿ. ಬೇರೆಯಾಗಿ ಒಂದು ವರ್ಷ ದಾಟಿದೆ, ಅರ್ಜಿ ಸರಿಯಾಗಿದೆ. ಆರು ತಿಂಗಳು ತುಂಬುವುದು ನವೆಂಬರ್ 5ಕ್ಕೆ. ಹದಿನೆಂಟು ತಿಂಗಳ ಗಡಿ 2026ರ ನವೆಂಬರ್ 5. ಇವರು ಮನ್ನಾ ಕೇಳಿದರೆ ಅರ್ಜಿ ದಿನಕ್ಕೆ ಹದಿನಾಲ್ಕು ತಿಂಗಳಷ್ಟೇ ಆಗಿರುವುದರಿಂದ ಒಂದೂವರೆ ವರ್ಷದ ಅಂಶ ಕೂಡಿಬರುವುದಿಲ್ಲ. ಸೆಪ್ಟೆಂಬರ್‌ವರೆಗೆ ಕಾದು, ಆಮೇಲೆ ಅರ್ಜಿ ಹಾಕಿ ಮನ್ನಾ ಕೇಳುವುದಕ್ಕೂ, ಮೇ ತಿಂಗಳಲ್ಲೇ ಹಾಕಿ ಆರು ತಿಂಗಳು ಕಾಯುವುದಕ್ಕೂ ಕೊನೆಗೆ ಉಳಿಯುವ ವ್ಯತ್ಯಾಸ ಕೆಲವೇ ವಾರ. ಮನ್ನಾದಿಂದ ನಿಜವಾದ ಲಾಭ ಇರುವುದು ಎರಡು ಮೂರು ವರ್ಷದಿಂದ ಬೇರೆಯಿದ್ದು ಈಗ ರಾಜಿಗೆ ಬಂದವರಿಗೆ. ಉಳಿದವರಿಗೆ ನನ್ನ ಸಲಹೆ, ಅರ್ಹತೆ ಬಂದ ಕೂಡಲೇ ಅರ್ಜಿ ಹಾಕಿ, ಆರು ತಿಂಗಳನ್ನು ಕೆಲಸಕ್ಕೆ ಬಳಸಿಕೊಳ್ಳಿ.

ಯಾವ ಕೆಲಸ? ಒಪ್ಪಂದದಲ್ಲಿ ಹೇಳಿದ್ದನ್ನೆಲ್ಲ ಡಿಕ್ರಿಗೆ ಮುಂಚೆ ಎಷ್ಟಾಗುತ್ತದೋ ಅಷ್ಟು ಮುಗಿಸುವುದು. ಜಂಟಿ ಬ್ಯಾಂಕ್ ಖಾತೆ ಮುಚ್ಚುವುದು, ಮನೆ ಸಾಲವನ್ನು ಒಬ್ಬರ ಹೆಸರಿಗೆ ಮಾಡುವ ಬಗ್ಗೆ ಬ್ಯಾಂಕಿನ ಒಪ್ಪಿಗೆ ಪಡೆಯುವುದು (ಬ್ಯಾಂಕು ಒಪ್ಪದಿದ್ದರೆ ಒಪ್ಪಂದದ ಆ ಸಾಲಿಗೆ ಬೆಲೆಯೇ ಇಲ್ಲ, ಬ್ಯಾಂಕು ನಿಮ್ಮಿಬ್ಬರನ್ನೂ ಹಿಡಿಯುತ್ತದೆ), ಒಡವೆ ಹಸ್ತಾಂತರಿಸಿ ರಸೀದಿಗೆ ಸಹಿ ಪಡೆಯುವುದು, ಮಗುವಿನ ಭೇಟಿ ವೇಳಾಪಟ್ಟಿಯನ್ನು ಈಗಲೇ ನಡೆಸಿ ನೋಡುವುದು. ಎರಡು ತಿಂಗಳು ಆ ವೇಳಾಪಟ್ಟಿಯಂತೆ ನಡೆದರೆ ಎಲ್ಲಿ ತೊಡಕು ಎಂದು ತಿಳಿಯುತ್ತದೆ, ಡಿಕ್ರಿಗೆ ಮೊದಲು ತಿದ್ದಿಕೊಳ್ಳಲು ಅವಕಾಶವಿರುತ್ತದೆ.

ಒಂದು ಸಂಗತಿ ಬಹಳ ಜನ ಮರೆಯುತ್ತಾರೆ. ಈ ಆರು ತಿಂಗಳೂ ನೀವು ಕಾನೂನಿನ ಕಣ್ಣಿನಲ್ಲಿ ಗಂಡ ಹೆಂಡತಿಯೇ. ನಡುವೆ ಒಬ್ಬರು ತೀರಿಕೊಂಡರೆ ಇನ್ನೊಬ್ಬರು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ವಾರಸುದಾರರಾಗುತ್ತಾರೆ. ವಿಮೆ, ಬ್ಯಾಂಕ್ ಖಾತೆಗಳ ನಾಮಿನಿ ಯಾರೆಂದು ನೋಡಿಕೊಳ್ಳಿ. ನಿಮ್ಮ ಸ್ವಯಾರ್ಜಿತ ಆಸ್ತಿಯ ಬಗ್ಗೆ ಬೇರೆ ಇಚ್ಛೆಯಿದ್ದರೆ ಉಯಿಲು ಬರೆದಿಡಿ. ಇನ್ನೊಂದು ಮದುವೆಯಂತೂ ಈ ಅವಧಿಯಲ್ಲಿ ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್‌ನಲ್ಲಿ ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆಯಿದೆ.

ಒಪ್ಪಿಗೆ ಹಿಂತೆಗೆದುಕೊಂಡರೆ? ಡಿಕ್ರಿ ಬರುವ ಕ್ಷಣದವರೆಗೂ ಇಬ್ಬರಲ್ಲಿ ಯಾರಾದರೂ ಒಪ್ಪಿಗೆ ವಾಪಸ್ ಪಡೆಯಬಹುದು ಎಂದು 1991ರ ಅದೇ ತೀರ್ಪು ಹೇಳಿದೆ, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಮತ್ತೆ ಎತ್ತಿಹಿಡಿದಿದೆ. ಸುಮ್ಮನೆ ಬಾರದೆ ಕೂತರೂ ಅದನ್ನು ಒಪ್ಪಿಗೆ ಎಂದು ತಿಳಿಯುವಂತಿಲ್ಲ. ಒಬ್ಬರು ತಪ್ಪಿಸಿಕೊಂಡು ಹದಿನೆಂಟು ತಿಂಗಳು ದಾಟಿದರೆ ಜಂಟಿ ಅರ್ಜಿಯ ಮೇಲೆ ಮುಂದೆ ಹೋಗುವುದು ಕಷ್ಟ. ಹಾಗಾದಾಗ ಉಳಿಯುವುದು ತಕರಾರಿನ ದಾರಿ. ಕಂತು ಕಟ್ಟಿದ ಹಣ ಹಿಂದಿರುಗುವ ಷರತ್ತನ್ನು ಒಪ್ಪಂದದಲ್ಲಿ ಬರೆಸಿ ಎನ್ನುವುದು ಇದಕ್ಕೇ.

ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಯಾವ ಗಡುವಿಗೂ ಕಾಯಬೇಕಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣೆ, ವಾಸದ ಹಕ್ಕು, ಹಣಕಾಸಿನ ಪರಿಹಾರ ಯಾವ ದಿನವಾದರೂ ಕೇಳಬಹುದು. ಮಹಿಳಾ ಸಹಾಯವಾಣಿ 181.

5. ಎರಡನೇ ಸಲ ಕೋರ್ಟಿಗೆ ಹೋದ ದಿನ

ಇದು ಸಣ್ಣ ಕೆಲಸ, ಆದರೆ ಭಯಪಡುವವರು ಬಹಳ. ವಿಚಾರಣೆಯನ್ನು ಗುಪ್ತವಾಗಿ ನಡೆಸಲು ಕಾಯ್ದೆಯಲ್ಲೇ ಅವಕಾಶವಿದೆ. ಹೆಸರು ಕೂಗಿದಾಗ ಇಬ್ಬರೂ ಮುಂದೆ ನಿಲ್ಲುತ್ತೀರಿ. ನಿಮ್ಮ ಇಷ್ಟದಿಂದಲೇ ಬಂದಿದ್ದೀರಾ, ಯಾರಾದರೂ ಒತ್ತಾಯ ಮಾಡಿದ್ದಾರಾ, ಮತ್ತೆ ಒಟ್ಟಿಗೆ ಬಾಳುವ ಸಾಧ್ಯತೆ ಇದೆಯಾ, ಹಣ ಬಂತೇ, ಮಗುವಿನ ಬಗ್ಗೆ ಬರೆದಿರುವುದು ಒಪ್ಪಿಗೆಯೇ ಎಂದು ನ್ಯಾಯಾಧೀಶರು ಕೇಳುತ್ತಾರೆ. ಕನ್ನಡದಲ್ಲೇ ಉತ್ತರಿಸಿ. ಕೇಳಿದ್ದಕ್ಕೆ ಮಾತ್ರ ಉತ್ತರಿಸಿ. ಹಳೆಯ ಜಗಳ ತೆಗೆದರೆ ಮತ್ತೆ ಮಧ್ಯಸ್ಥಿಕೆಗೆ ಕಳಿಸುವ ಸಾಧ್ಯತೆಯೇ ಹೆಚ್ಚು. ಡಿ.ಡಿ. ಇದ್ದರೆ ಅದರ ನಂಬರು, ದಿನಾಂಕ, ಮೊತ್ತ ಅಲ್ಲೇ ದಾಖಲಾಗಬೇಕು, ಡಿ.ಡಿ.ಯ ಜೆರಾಕ್ಸ್ ಎರಡು ಇಟ್ಟುಕೊಂಡಿರಿ.

ಹೊರದೇಶದಲ್ಲೋ ದೂರದೂರಲ್ಲೋ ಇರುವವರು ವಿಡಿಯೊ ಕಾನ್ಫರೆನ್ಸ್ ಮೂಲಕ ಹಾಜರಾಗಲು ಕೇಳಿಕೊಳ್ಳಬಹುದು, ಹತ್ತಿರದ ಸಂಬಂಧಿಯೊಬ್ಬರ ಮೂಲಕ ನಡೆಸಲೂ ಕೇಳಬಹುದು. 2017ರ ತೀರ್ಪಿನಲ್ಲೇ ಇದಕ್ಕೆ ದಾರಿಯಿದೆ. ಆ ಅರ್ಜಿಯನ್ನು ವಾಯಿದೆಗೆ ಸಾಕಷ್ಟು ಮೊದಲೇ ಹಾಕಿಸಿ.

6. ಡಿಕ್ರಿ ಬಂದ ಮೇಲೆ

13ಬಿ ಡಿಕ್ರಿಯಾದರೆ ಮದುವೆ ಡಿಕ್ರಿಯ ದಿನದಿಂದಲೇ ಮುಗಿಯಿತು. ದೃಢೀಕೃತ ನಕಲಿಗೆ ಅಂದೇ ಅರ್ಜಿ ಹಾಕಿ, ಎರಡು ಮೂರು ಪ್ರತಿ ತೆಗೆದುಕೊಳ್ಳಿ. ಪಾಸ್‌ಪೋರ್ಟ್, ಬ್ಯಾಂಕು, ಮುಂದಿನ ಮದುವೆಯ ನೋಂದಣಿ ಎಲ್ಲೆಡೆ ಕೇಳುವುದು ಮೊಹರಿರುವ ಈ ಪ್ರತಿಯನ್ನೇ. ಹೆಸರಿನ ಕಾಗುಣಿತ, ಮದುವೆ ದಿನಾಂಕ, ಕೇಸಿನ ನಂಬರು ಸರಿಯಿದೆಯೇ ಎಂದು ಕೌಂಟರಿನ ಮುಂದೆಯೇ ನಿಂತು ಓದಿ. ಆಧಾರಿನಲ್ಲಿ ಒಂದು ಹೆಸರು, ಡಿಕ್ರಿಯಲ್ಲಿ ಇನ್ನೊಂದು ಇದ್ದರೆ ತಿದ್ದುಪಡಿಗೆ ಮತ್ತೆ ಅರ್ಜಿ, ಮತ್ತೆ ವಾಯಿದೆ.

ಮರುಮದುವೆ ಯಾವಾಗ? 15ನೇ ಸೆಕ್ಷನ್ ಹೇಳುವುದು ಇಷ್ಟು: ಮೇಲ್ಮನವಿಯ ಹಕ್ಕೇ ಇಲ್ಲದಿದ್ದರೆ, ಅಥವಾ ಇದ್ದೂ ಅದರ ಅವಧಿಯೊಳಗೆ ಯಾರೂ ಮೇಲ್ಮನವಿ ಹಾಕದಿದ್ದರೆ, ಅಥವಾ ಹಾಕಿದ್ದು ವಜಾ ಆದರೆ ಮತ್ತೆ ಮದುವೆಯಾಗಬಹುದು. ಕುಟುಂಬ ನ್ಯಾಯಾಲಯ ಇಬ್ಬರ ಒಪ್ಪಿಗೆಯಿಂದ ಕೊಟ್ಟ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲ ಎಂದು 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ ಹೇಳುತ್ತದೆ. ಹಾಗಾಗಿ ಮ್ಯೂಚುಯಲ್ ಡಿಕ್ರಿಗೆ ಸಾಮಾನ್ಯವಾಗಿ ಮತ್ತೆ ಕಾಯುವ ಪ್ರಮೇಯವಿಲ್ಲ.

ತಕರಾರಿನ ವಿಚ್ಛೇದನದಲ್ಲಿ ಹಾಗಲ್ಲ. ಅಲ್ಲಿ ಎರಡು ಕಾಯ್ದೆ ಎರಡು ಲೆಕ್ಕ ಹೇಳುತ್ತವೆ. ಕುಟುಂಬ ನ್ಯಾಯಾಲಯಗಳ ಕಾಯ್ದೆಯಲ್ಲಿ ಮೇಲ್ಮನವಿಗೆ 30 ದಿನ, 2003ರ ತಿದ್ದುಪಡಿಯ ನಂತರ ಹಿಂದೂ ವಿವಾಹ ಕಾಯ್ದೆಯಲ್ಲಿ 90 ದಿನ. ಯಾವುದು ನಡೆಯುತ್ತದೆ ಎಂಬ ವಾದ ವಕೀಲರಿಗೆ ಬಿಡಿ. ನಿಮಗೆ ಬೇಕಾದ್ದು ಇಷ್ಟೇ: ಮೇಲ್ಮನವಿ ಹಾಕುವವರು ನೀವಾದರೆ 30 ದಿನವನ್ನೇ ಗಡುವೆಂದು ಎಣಿಸಿ, ಮರುಮದುವೆಯಾಗುವವರು ನೀವಾದರೆ 90 ದಿನ ಮುಗಿಯಲಿ, ಆಮೇಲೆ ಎದುರು ಪಕ್ಷದವರು ಹೈಕೋರ್ಟಿಗೆ ಹೋಗಿಲ್ಲ ಎಂದು ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ನೋಡಿ, ಅದಾದ ಮೇಲೆ ಛತ್ರ ಗೊತ್ತು ಮಾಡಿ. ಅವಧಿಯೊಳಗೆ ಆದ ಮದುವೆ ಅಷ್ಟರಿಂದಲೇ ಅಸಿಂಧುವಾಗುವುದಿಲ್ಲ ಎಂಬ ಅರ್ಥದ ತೀರ್ಪುಗಳನ್ನು ಸುಪ್ರೀಂ ಕೋರ್ಟ್ 1978ರಲ್ಲೂ 2018ರಲ್ಲೂ ಕೊಟ್ಟಿದೆ, ನಿಜ. ಆದರೆ ಅವರೆಲ್ಲ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು ಎಂಬುದೂ ಅಷ್ಟೇ ನಿಜ.

ಎದುರಿನವರು ಹಾಜರಾಗದೆ ಬಂದ ಏಕಪಕ್ಷೀಯ ಡಿಕ್ರಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಇದಕ್ಕೆ ‘ಎಕ್ಸ್ ಪಾರ್ಟಿ’ ಎಂಬ ಹೆಸರೇ ಚಾಲ್ತಿಯಲ್ಲಿದೆ. ನೋಟಿಸು ತಮಗೆ ತಲುಪಲೇ ಇಲ್ಲ ಎಂದು ಅವರು ಬಂದು ಡಿಕ್ರಿ ರದ್ದು ಮಾಡಿಸಲು ಕೇಳಬಹುದು. ಹಳೆಯ ವಿಳಾಸಕ್ಕೆ ನೋಟಿಸು ಕಳಿಸಿ ‘ಮನೆಯಲ್ಲಿ ಇಲ್ಲ’ ಎಂದು ಬರೆಸಿಕೊಂಡು ಗೆದ್ದ ಡಿಕ್ರಿ ಬಹಳ ದುರ್ಬಲ. ನೋಟಿಸು ಅವರ ಕೈಗೇ ಮುಟ್ಟಿದ ದಾಖಲೆಯನ್ನು ಜೋಪಾನವಾಗಿಡಿ.

7. ಒಬ್ಬರು ಒಪ್ಪದಿದ್ದರೆ

ಆಗ 13ನೇ ಸೆಕ್ಷನ್. ಇಲ್ಲಿ ಆರು ತಿಂಗಳ ಕೂಲಿಂಗ್ ಆಫ್ ಇಲ್ಲ, ಆದರೆ ಕೆಲವು ಕಾರಣಗಳ ಒಳಗೇ ಗಡುವು ಅಡಗಿದೆ. ತೊರೆದು ಹೋಗಿದ್ದಾರೆ ಎನ್ನಲು ಅರ್ಜಿಗೆ ಮುಂಚೆ ಎಡೆಬಿಡದೆ ಎರಡು ವರ್ಷ ಆಗಿರಬೇಕು. ನಡುವೆ ಮನಸ್ಸು ಕೂಡಿ ಮತ್ತೆ ಒಟ್ಟಿಗೆ ಬಾಳಿದರೆ ಎಣಿಕೆ ಮತ್ತೆ ಮೊದಲಿಂದ. ಬದುಕಿದ್ದಾರೆಂದು ಏಳು ವರ್ಷದಿಂದ ಸುದ್ದಿಯೇ ಇಲ್ಲದಿದ್ದರೆ ಅದೂ ಒಂದು ಕಾರಣ. ನ್ಯಾಯಿಕ ಪ್ರತ್ಯೇಕವಾಸದ, ಅಂದರೆ ಮದುವೆ ಉಳಿದೂ ಬೇರೆಯಾಗಿರಲು ಕೋರ್ಟು ಕೊಡುವ ಡಿಕ್ರಿಯಾಗಿ, ಇಲ್ಲವೇ ಬಂದು ಬಾಳು ನಡೆಸಿ ಎಂಬ ಡಿಕ್ರಿಯಾಗಿ ಒಂದು ವರ್ಷವಾದರೂ ಒಟ್ಟುಗೂಡದಿದ್ದರೆ ಅದರ ಮೇಲೂ ವಿಚ್ಛೇದನ ಕೇಳಬಹುದು. ಕ್ರೌರ್ಯಕ್ಕೆ ಇಂಥ ಅವಧಿಯ ಲೆಕ್ಕವಿಲ್ಲ.

ನೋಟಿಸು ತಲುಪಿದ ಆರು ತಿಂಗಳೊಳಗೆ ವಿಚಾರಣೆ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಪ್ರಯತ್ನಿಸಬೇಕು ಎಂದಷ್ಟೇ, ವರ್ಷಗಟ್ಟಲೆ ಎಳೆಯುವುದೇ ಹೆಚ್ಚು. ತಕರಾರಿನ ಮಧ್ಯದಲ್ಲೂ ಇಬ್ಬರೂ ರಾಜಿಗೆ ಬಂದರೆ ಕೇಸನ್ನು 13ಬಿಗೆ ತಿರುಗಿಸಬಹುದು. ಆ ಹೊತ್ತಿಗೆ ಬೇರೆಯಾಗಿ ಒಂದೂವರೆ ವರ್ಷ ಎಂದೋ ದಾಟಿರುತ್ತದೆ, ಆರು ತಿಂಗಳ ಮನ್ನಾ ಸುಲಭವಾಗಿ ಸಿಗುವುದೂ ಇಂಥವರಿಗೇ.

ಮದುವೆ ಸರಿಪಡಿಸಲಾಗದಷ್ಟು ಮುರಿದುಬಿದ್ದಿದೆ ಎಂಬ ಕಾರಣಕ್ಕೇ ವಿಚ್ಛೇದನ ಕೊಡುವ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಇದೆ ಎಂದು 2023ರ ಮೇ 1ರಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಸುದ್ದಿ ಓದಿ “ನೇರವಾಗಿ ದೆಹಲಿಗೆ ಹೋಗಬಹುದೇ” ಎಂದು ಕೇಳುವವರಿದ್ದಾರೆ. ಆಗದು. ವಿಚ್ಛೇದನ ಕೊಡಿ ಎಂದು ನೇರವಾಗಿ ಅಲ್ಲಿಗೆ ರಿಟ್ ಹಾಕುವಂತಿಲ್ಲ ಎಂದು ಅದೇ ತೀರ್ಪಿನಲ್ಲಿದೆ. ಕುಟುಂಬ ನ್ಯಾಯಾಲಯಕ್ಕೆ ಆ ಅಧಿಕಾರವೂ ಇಲ್ಲ.

8. ಕ್ರೈಸ್ತರು, ಮುಸ್ಲಿಮರು, ಹೊರದೇಶದಲ್ಲಿರುವವರು

ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ. ಅದರ 10ಎ ಸೆಕ್ಷನ್‌ನಲ್ಲಿ ಜಂಟಿ ಅರ್ಜಿಗೆ ಎರಡು ವರ್ಷ ಬೇರೆಯಿರಬೇಕೆಂದು ಬರೆದಿದೆ. ಉಳಿದವರಿಗೆ ಒಂದು ವರ್ಷ, ಇವರಿಗೇಕೆ ಎರಡು ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿಗೆ ಹೋಗಿ, ಒಂದು ವರ್ಷ ಎಂದೇ ಓದಿಕೊಳ್ಳಬೇಕೆಂದು ತೀರ್ಪಾಗಿದೆ. ಆರರಿಂದ ಹದಿನೆಂಟು ತಿಂಗಳ ಲೆಕ್ಕ ಇಲ್ಲೂ ಇದೆ. ಚರ್ಚಿನ ನ್ಯಾಯಮಂಡಳಿ ಮದುವೆ ರದ್ದು ಮಾಡಿದರೆ ಅದು ಚರ್ಚಿನ ಮಟ್ಟಿಗೆ. ಕಾನೂನಿನ ಪ್ರಕಾರ ಮತ್ತೆ ಮದುವೆಯಾಗಲು ಕೋರ್ಟಿನ ಡಿಕ್ರಿ ಬೇಕೇ ಬೇಕು.

ಮುಸ್ಲಿಮರಲ್ಲಿ ಒಂದೇ ಉಸಿರಿಗೆ ಮೂರು ಸಲ ಹೇಳುವ ತಲಾಖ್‌ಗೆ ಬೆಲೆಯಿಲ್ಲ. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು, 2019ರ ಕಾಯ್ದೆ ಅದನ್ನು ಮೂರು ವರ್ಷದವರೆಗೆ ಜೈಲಾಗುವ ಅಪರಾಧವಾಗಿಸಿತು. ತಲಾಖ್ ಎ ಅಹ್ಸನ್‌ನಲ್ಲಿ ಒಮ್ಮೆ ಹೇಳಿದ ಮೇಲೆ ಇದ್ದತ್ ಅವಧಿ ಮುಗಿಯಬೇಕು. ಇದ್ದತ್ ಎಂದರೆ ಮೂರು ಮುಟ್ಟಿನ ಅವಧಿ, ಮುಟ್ಟಿಲ್ಲದವರಿಗೆ ಮೂರು ಚಾಂದ್ರಮಾನ ತಿಂಗಳು, ಬಸುರಿಯಾದರೆ ಹೆರಿಗೆಯವರೆಗೆ. ಅದರೊಳಗೆ ಗಂಡ ಹೆಂಡತಿ ಮತ್ತೆ ಕೂಡಿದರೆ ತಲಾಖ್ ಬಿದ್ದುಹೋಗುತ್ತದೆ. ಮುಸ್ಲಿಂ ಮಹಿಳೆ 1939ರ ಕಾಯ್ದೆಯಡಿ ತಾನೇ ಕೋರ್ಟಿಗೆ ಹೋಗಬಹುದು. ಗಂಡ ಎಲ್ಲಿದ್ದಾನೆಂದು ನಾಲ್ಕು ವರ್ಷದಿಂದ ಗೊತ್ತಿಲ್ಲ ಎಂಬ ಕಾರಣಕ್ಕೆ ಡಿಕ್ರಿಯಾದರೆ ಅದು ಜಾರಿಗೆ ಬರುವುದು ಆರು ತಿಂಗಳ ಮೇಲೆ. ಅಷ್ಟರೊಳಗೆ ಆತ ಬಂದು, ಬಾಳು ನಡೆಸಲು ಸಿದ್ಧ ಎಂದು ಕೋರ್ಟಿಗೆ ಮನವರಿಕೆ ಮಾಡಿಕೊಟ್ಟರೆ ಡಿಕ್ರಿ ರದ್ದಾಗುತ್ತದೆ. ಡಿಕ್ರಿ ಕೈಗೆ ಬಂದರೂ ಮದುವೆ ಮುಗಿಯದ ಅಪರೂಪದ ಸಂದರ್ಭ ಇದು.

ಹೊರದೇಶದಲ್ಲಿರುವವರು ಅಲ್ಲಿನ ಕೋರ್ಟಿನಲ್ಲೇ ಮುಗಿಸೋಣ ಎಂದುಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ 2022ರ ಏಪ್ರಿಲ್ 6ರಿಂದ ಅರ್ಜಿಗೂ ಮೊದಲ ಆದೇಶಕ್ಕೂ 20 ವಾರ, ಅಲ್ಲಿಂದ ಅಂತಿಮ ಆದೇಶಕ್ಕೆ ಇನ್ನೂ 6 ವಾರ. ನಡುವಿನ ‘ಕಂಡಿಷನಲ್ ಆರ್ಡರ್’ ತೋರಿಸಿ ಊರಿಗೆ ಬಂದು ಮದುವೆಯಾಗುವಂತಿಲ್ಲ, ಅಂತಿಮ ಆದೇಶವೇ ಬೇಕು. ಇಲ್ಲಿ ನಡೆದ ಹಿಂದೂ ಮದುವೆಯನ್ನು ಅಲ್ಲಿನ ಕೋರ್ಟು ಒಬ್ಬರ ಗೈರುಹಾಜರಿಯಲ್ಲಿ, ನಮ್ಮ ಕಾಯ್ದೆಯಲ್ಲಿಲ್ಲದ ಕಾರಣ ಕೊಟ್ಟು ಮುರಿದರೆ ಇಲ್ಲಿ ಅದಕ್ಕೆ ಮಾನ್ಯತೆ ಇಲ್ಲ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ. ಇಬ್ಬರೂ ಒಪ್ಪಿ, ಇಬ್ಬರೂ ಹಾಜರಾಗಿ ಪಡೆದ ಆದೇಶಕ್ಕೆ ಈ ತೊಡಕು ಬರುವುದಿಲ್ಲ. ಒಬ್ಬರು ಒಪ್ಪುತ್ತಿಲ್ಲ ಎಂದಾದರೆ ಅಲ್ಲಿ ಅರ್ಜಿ ಹಾಕುವ ಮೊದಲು ಇಲ್ಲಿನ ವಕೀಲರೊಬ್ಬರಿಗೆ ಕಾಗದ ತೋರಿಸಿ. ಇಲ್ಲೇ ಅರ್ಜಿ ಹಾಕುವುದು ಲೇಸೆಂದು ಅವರು ಹೇಳಿದರೆ ಹಾಳೆಯಲ್ಲಿ ಬರೆದಿಟ್ಟ ದಿನಾಂಕಗಳನ್ನೇ ಅವರ ಮುಂದಿಡಿ, ಅರ್ಧ ಮಾತು ಅಲ್ಲೇ ಮುಗಿಯುತ್ತದೆ.